ಅಜ್ಜಿಯ ಪ್ರಶ್ನೆಪತ್ರಿಕೆ

ಶ್ರೀನಿವಾಸಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ ಮಾವಿನ ಕಾಲ ಬಂತೆಂದರೆ ಮನೆಯ ಹಜಾರವೇ ಗೋದಾಮು ಆಗಿಬಿಡುತ್ತದೆ. ಮೂಲೆಯಲ್ಲಿ ಹುಲ್ಲು ಹಾಸಿ ಕಾಯಿಗಳನ್ನು ಹಣ್ಣಿಗೆ ಹಾಕುವುದು, ಇವತ್ತು ತಿನ್ನುವುದು ಯಾವುದು, ನಾಡಿದ್ದಿಗೆ ಇಡುವುದು ಯಾವುದು ಎಂದು ಬೇರ್ಪಡಿಸುವುದು ಅಜ್ಜಿಯ ಕೆಲಸ. ಎಪ್ಪತ್ತು ದಾಟಿದ ಅಜ್ಜಿಗೆ ಅಕ್ಷರ ಬಾರದು. ಆದರೆ ಕಣ್ಣು ಮುಚ್ಚಿ ಮೂಸಿ ನೋಡಿ, ಇದು ಬಾದಾಮಿ, ಇದು ರಸಪುರಿ, ಇದು ಮಲ್ಲಿಕಾ ಎಂದು ಹೇಳುತ್ತಿದ್ದಳು. ಮೊಮ್ಮಕ್ಕಳು ಎಷ್ಟು ಸಲ ಪರೀಕ್ಷೆ ಮಾಡಿದರೂ ಅಜ್ಜಿ ಸೋತದ್ದಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಸುಗ್ಗಿಯಲ್ಲಿ ಅಜ್ಜಿ ಸೋತಳು. ಹಣ್ಣಿನ ಜೊತೆ ಕಾಯಿ, ಕಾಯಿಯ ಜೊತೆ ಹಣ್ಣು ಬೆರೆತವು. ನಾಲ್ಕು ಹಣ್ಣು ಅಕ್ಕಿ ಡಬ್ಬದಲ್ಲಿ ಸಿಕ್ಕವು. "ಊಟ ಆಯ್ತೇನೇ?" ಎಂದು ಮೊಮ್ಮಗಳನ್ನು ಅರ್ಧ ಗಂಟೆಯಲ್ಲಿ ಮೂರು ಸಲ ಕೇಳಿದಳು. ಒಂದು ಸಂಜೆ ಹಸು ಹೊಡೆದುಕೊಂಡು ಬರಲು ಹೋದವಳು, ನಲವತ್ತು ವರ್ಷ ನಡೆದಾಡಿದ ಕವಲುದಾರಿಯಲ್ಲಿ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಳು. ಹಸು ತಾನಾಗಿ ಮನೆಗೆ ಬಂತು. ಅಜ್ಜಿಯನ್ನು ಯಾರೋ ಕೈಹಿಡಿದು ಕರೆತಂದರು.

"ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇನ್ನೇನು?" ಎಂದರು ನೆರೆಹೊರೆಯವರು. ಗಾದೆಗೆ ಒಂದು ಗುಣವಿದೆ, ಮನಸ್ಸಿಗೆ ಸಮಾಧಾನ ಕೊಡುತ್ತದೆ. ಒಂದು ದೋಷವೂ ಇದೆ, ಅದು ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ. ವಯಸ್ಸಾದವರೆಲ್ಲ ಹೀಗೇ ಎಂದ ಮೇಲೆ ಆಸ್ಪತ್ರೆಗೆ ಹೋಗುವವರು ಯಾರು? ಹೆಸರು ಮರೆತು ಸ್ವಲ್ಪ ಹೊತ್ತಾದ ಮೇಲೆ ನೆನಪಾಗುವುದು ವಯಸ್ಸಿನ ಲಕ್ಷಣ. ದಿನವೂ ನಡೆದ ದಾರಿಯೇ ತಪ್ಪಿಹೋಗುವುದು ವಯಸ್ಸಿನ ಲಕ್ಷಣವಲ್ಲ.

ಹತ್ತನೇ ತರಗತಿಯ ಮೊಮ್ಮಗಳು ಮಾತ್ರ ಗಾದೆಗೆ ತೃಪ್ತಳಾಗಲಿಲ್ಲ. ಅವಳ ಒತ್ತಾಯಕ್ಕೆ ಅಪ್ಪ, ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವವನು, ಒಂದು ದಿನ ರಜೆ ಹಾಕಿ ಅಮ್ಮನನ್ನು ಪಟ್ಟಣದ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದ.

ವೈದ್ಯರು ಒಳ್ಳೆಯವರೇ. ಒಂದು ಹಾಳೆ ತೆಗೆದು ಪ್ರಶ್ನೆ ಕೇಳತೊಡಗಿದರು.

"ಅಜ್ಜೀ, ಇವತ್ತು ತಾರೀಕು ಎಷ್ಟು?"

"ತಾರೀಕು ಕಟ್ಟಿಕೊಂಡು ನಂಗೇನಾಗಬೇಕು ಸಾಮಿ? ಸಂಕಷ್ಟಿ ಆಗಿ ಮೂರು ದಿನ ಆಯ್ತು."

"ನೂರರಲ್ಲಿ ಏಳು ಕಳೆದರೆ ಎಷ್ಟು? ಅದರಲ್ಲಿ ಮತ್ತೆ ಏಳು ಕಳೆದರೆ?"

"ನೂರು ಕಾಯಲ್ಲಿ ಏಳು ಯಾಕೆ ಕಳೀಬೇಕು? ಕೊಳೆತು ಹೋಗಿದ್ವಾ?"

ಹಾಳೆಯಲ್ಲಿ ಬರೆದಿರುವುದನ್ನು ಓದಿ ಅದರಂತೆ ಮಾಡಬೇಕಿತ್ತು. ಅಜ್ಜಿ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ವಾಪಸು ಕೊಟ್ಟಳು. ಒಂದು ವಾಕ್ಯ ಬರೆಯಬೇಕಿತ್ತು. ಅಜ್ಜಿ ಪೆನ್ನು ಹಿಡಿದದ್ದೇ ಇಲ್ಲ. ಕೊನೆಗೆ ಮೂವತ್ತಕ್ಕೆ ಹನ್ನೆರಡು ಅಂಕ ಬಂತು. "ಕಾಯಿಲೆ ಸಾಕಷ್ಟು ಮುಂದುವರಿದಿದೆ" ಎಂದರು ವೈದ್ಯರು. ಅಪ್ಪ, ಫೇಲಾದ ಮಗುವಿನ ಪೋಷಕನಂತೆ ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ನಡೆದದ್ದನ್ನೆಲ್ಲ ಕೇಳಿದ ಮಗಳು ಹೇಳಿದ್ದು ಇಷ್ಟೇ: "ಅಪ್ಪಾ, ಸಿಲಬಸ್ಸಿನಲ್ಲಿ ಇಲ್ಲದ್ದನ್ನೆಲ್ಲ ಕೇಳಿದರೆ ಅಜ್ಜಿ ಹೇಗೆ ಪಾಸಾಗ್ತಾಳೆ?"

ಹುಡುಗಿ ತನಗೆ ತಿಳಿಯದೆಯೇ ಒಂದು ದೊಡ್ಡ ವೈಜ್ಞಾನಿಕ ಪ್ರಶ್ನೆಯ ಮೇಲೆ ಕೈಯಿಟ್ಟಿದ್ದಳು. ಜಗತ್ತಿನ ಸಂಶೋಧಕರು ಇದೇ ಪ್ರಶ್ನೆಯೊಡನೆ ಹತ್ತಾರು ವರ್ಷ ಹೆಣಗಿದ್ದಾರೆ.

ಕಥೆ ಶುರುವಾಗುವುದು ಜರ್ಮನಿಯಲ್ಲಿ. 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ತೆ ಎಂಬ 51 ವರ್ಷದ ಮಹಿಳೆಯನ್ನು ಸೇರಿಸಿದರು. ಡಾ. ಅಲೋಯಿಸ್ ಆಲ್ಝೈಮರ್ ಆಕೆಗೆ ಹೆಸರು ಬರೆಯಲು ಹೇಳಿದರು. ಮೊದಲ ಪದ ಬರೆಯುವಷ್ಟರಲ್ಲಿ ಆಕೆ ಉಳಿದದ್ದನ್ನು ಮರೆಯುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಆಲ್ಝೈಮರ್, ನರಕೋಶಗಳ ಸುತ್ತ ಕಟ್ಟಿದ ಗಡ್ಡೆಗಳನ್ನೂ ಒಳಗೆ ಸಿಕ್ಕುಸಿಕ್ಕಾದ ಎಳೆಗಳನ್ನೂ ಕಂಡರು. 1906ರಲ್ಲಿ ಅದನ್ನು ವೈದ್ಯರ ಸಭೆಯ ಮುಂದಿಟ್ಟರು. ಆಗುಸ್ತೆಗೆ ಬರೆಯಲು ಬರುತ್ತಿತ್ತು, ಅದು ಹೋಯಿತು. ಆದ್ದರಿಂದ ಅದು ಆಕೆಗೆ ಸರಿಯಾದ ಪರೀಕ್ಷೆ. ಎಂದೂ ಬರೆಯದವರಿಗೆ ಅದೇ ಪರೀಕ್ಷೆ ಕೊಟ್ಟರೆ ಏನು ತಿಳಿಯುತ್ತದೆ? ಅವರು ಶಾಲೆಗೆ ಹೋಗಿಲ್ಲ ಎಂಬುದು ತಿಳಿಯುತ್ತದೆ, ಅಷ್ಟೇ.

ಪಟ್ಟಣದ ವೈದ್ಯರು ಕೇಳಿದ ಮೂವತ್ತು ಅಂಕದ ಪ್ರಶ್ನೆಗಳು 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದವು. ಫೋಲ್‌ಸ್ಟೀನ್ ಮತ್ತು ಸಂಗಡಿಗರು ಅಲ್ಲಿನ ರೋಗಿಗಳಿಗಾಗಿ ಮಾಡಿದ ಪಟ್ಟಿ ಅದು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಬಹಳ ಉಪಯುಕ್ತ. ಜಗತ್ತೆಲ್ಲ ಅದನ್ನೇ ಹಿಡಿಯಿತು. ಕಾಲಮಾಪನ, ಕಳೆಯುವ ಲೆಕ್ಕ, ಓದು, ಬರಹ, ಚಿತ್ರ ನೋಡಿ ನಕಲು ಮಾಡುವುದು ಎಲ್ಲವೂ ಶಾಲೆಯಲ್ಲಿ ಕುಳಿತವರಿಗೆ ನೀರು ಕುಡಿದಷ್ಟು ಸುಲಭ.

ಇನ್ನೊಂದು ಅಸಮತೋಲನವೂ ಇತ್ತು. 1998ರಲ್ಲಿ ಕೇರಳದ ಕೊಚ್ಚಿಯಲ್ಲಿ ಹಲವು ದೇಶಗಳ ಸಂಶೋಧಕರು ಸೇರಿದಾಗ ಅದರ ಚರ್ಚೆ ನಡೆಯಿತು. ಡಿಮೆನ್ಷಿಯಾ, ಅಂದರೆ ಮರೆಗುಳಿ ರೋಗ ಇರುವವರಲ್ಲಿ ಆಗ ಸುಮಾರು ಶೇ 66ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದರು. ಆದರೆ ಜನಸಮುದಾಯದಲ್ಲಿ ನಡೆದ ಸಂಶೋಧನೆಯಲ್ಲಿ ಶೇ 10ಕ್ಕಿಂತ ಕಡಿಮೆ ಪಾಲು ಮಾತ್ರ ಆ ದೇಶಗಳದ್ದಾಗಿತ್ತು. ಅಲ್ಲಿ ಹುಟ್ಟಿದ ಸಂಶೋಧನಾ ಬಳಗ ತನಗೆ '10/66' ಎಂದೇ ಹೆಸರಿಟ್ಟುಕೊಂಡಿತು. ಲೆಕ್ಕದ ಎರಡು ಅಂಕಿಗಳನ್ನೇ ಹೆಸರು ಮಾಡಿಕೊಂಡ ಸಂಸ್ಥೆ ಬೇರೆ ಇದೆಯೋ ಇಲ್ಲವೋ! ಭಾರತ, ಚೀನಾ, ಕ್ಯೂಬಾ, ಪೆರು, ಮೆಕ್ಸಿಕೊ ಮೊದಲಾದ ದೇಶಗಳಲ್ಲಿ, ಓದು ಬರಹ ಇಲ್ಲದವರಿಗೂ ನ್ಯಾಯವಾಗುವಂತೆ ರೋಗ ಪತ್ತೆ ಮಾಡುವ ವಿಧಾನವನ್ನು ಈ ಬಳಗ ರೂಪಿಸಿ ಪರೀಕ್ಷಿಸಿತು.

ಅದಕ್ಕೂ ಮೊದಲೇ ಹರಿಯಾಣದ ಬಲ್ಲಭಗಡದಲ್ಲಿ ಒಂದು ಕೆಲಸ ನಡೆದಿತ್ತು. ಭಾರತದ ಡಾ. ವಿಜಯ್ ಚಂದ್ರ ಮತ್ತು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡಾ. ಮೇರಿ ಗಂಗೂಲಿ ಅವರ ತಂಡಗಳು ಕೂಡಿ 28 ಹಳ್ಳಿಗಳಲ್ಲಿ ಐವತ್ತೈದು ದಾಟಿದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಅಧ್ಯಯನ ಮಾಡಿದವು. ಅವರಲ್ಲಿ ಶೇ 73ರಷ್ಟು ಜನಕ್ಕೆ ಓದು ಬರಹ ಗೊತ್ತಿರಲಿಲ್ಲ. ಅವರು ಅಮೆರಿಕದ ಪ್ರಶ್ನೆಗಳನ್ನು ಬರೀ ಹಿಂದಿಗೆ ಅನುವಾದಿಸಿ ಕೈತೊಳೆದುಕೊಳ್ಳಲಿಲ್ಲ, ಪ್ರಶ್ನೆಗಳನ್ನೇ ಹೊಸದಾಗಿ ಕಟ್ಟಿದರು. ಇಂಗ್ಲಿಷ್ ಪದವೊಂದರ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿ ಎನ್ನುವ ಬದಲು ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿ ಎಂದರು. 'ಕಣ್ಣು ಮುಚ್ಚಿ' ಎಂದು ಬರೆದ ಹಾಳೆ ತೋರಿಸುವ ಬದಲು, 'ನನ್ನನ್ನು ನೋಡಿ, ನಾನು ಮಾಡಿದ ಹಾಗೆ ಮಾಡಿ' ಎಂದು ತಾವೇ ಕಣ್ಣು ಮುಚ್ಚಿ ತೋರಿಸಿದರು. ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದರು. ಅಳೆಯಬೇಕಾದದ್ದು ಗಮನ, ನೆನಪು, ಮಾತು. ಅಳೆಯುವ ಕೋಲು ಮಾತ್ರ ಊರಿನದು.

ಹೀಗೆ ಅಳೆದ ಮೇಲೆ ಸಿಕ್ಕ ಫಲಿತಾಂಶ ಅಚ್ಚರಿಯದು. ಬಲ್ಲಭಗಡದಲ್ಲಿ ಹೊಸದಾಗಿ ಆಲ್ಝೈಮರ್ ಕಾಯಿಲೆ ಬರುವವರ ಪ್ರಮಾಣ ಪೆನ್ಸಿಲ್ವೇನಿಯಾದ ಹೋಲಿಕೆಯ ಪ್ರದೇಶಕ್ಕಿಂತ ಬಹಳ ಕಡಿಮೆ ಇತ್ತು. ನೈಜೀರಿಯಾದ ಇಬಾದಾನ್ ಮತ್ತು ಅಮೆರಿಕದ ಇಂಡಿಯಾನಾಪೊಲಿಸ್ ನಗರಗಳ ಸಂಶೋಧಕರು ಜೊತೆಯಾಗಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅದೇ ಬಗೆಯ ಚಿತ್ರ ಸಿಕ್ಕಿತು. ಇಬಾದಾನಿನ ಯೊರೂಬ ಜನರಲ್ಲಿ ವರ್ಷಕ್ಕೆ ಶೇ 1.15, ಇಂಡಿಯಾನಾಪೊಲಿಸ್‌ನ ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಶೇ 2.52. ಅಮೆರಿಕ, ಯುರೋಪುಗಳಲ್ಲಿ ಆಲ್ಝೈಮರ್ ಅಪಾಯ ಹೆಚ್ಚಿಸುವುದೆಂದು ಹೆಸರಾದ 'ಅಪೋ ಇ-4' ಎಂಬ ಜೀನ್ ರೂಪಕ್ಕೂ ಕಾಯಿಲೆಗೂ ಯೊರೂಬರಲ್ಲಿ ಅಷ್ಟು ಗಟ್ಟಿಯಾದ ನಂಟು ಕಾಣಲಿಲ್ಲ. ಒಂದು ಜನಾಂಗದಲ್ಲಿ ಸಿಕ್ಕಿದ ಸೂತ್ರ ಎಲ್ಲರಿಗೂ ಹೊಂದುತ್ತದೆ ಎಂದು ಕುಳಿತಿದ್ದರೆ ಈ ಸಂಗತಿ ಗೊತ್ತೇ ಆಗುತ್ತಿರಲಿಲ್ಲ.

ಹಾಗೆಂದು ಹಳ್ಳಿಯವರಿಗೆ ಮರೆವಿನ ಕಾಯಿಲೆ ಬಾರದು ಎಂದು ಬೀಗುವಂತಿಲ್ಲ. 4,000ಕ್ಕೂ ಹೆಚ್ಚು ಹಿರಿಯರನ್ನು ಪರೀಕ್ಷಿಸಿ ಮಾಡಿದ ರಾಷ್ಟ್ರಮಟ್ಟದ ಅಂದಾಜೊಂದು 2023ರಲ್ಲಿ ಪ್ರಕಟವಾಯಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಹಲವು ಸಂಸ್ಥೆಗಳೊಡನೆ ಸೇರಿ ಮಾಡಿದ ಕೆಲಸ ಅದು. ಅದರ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ಗಾದೆಯ ದೋಷವೂ ತಿಳಿಯುತ್ತದೆ. ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತೆರಡು ತೊಂಬತ್ಮೂರು ಮಂದಿಗೆ ಅದು ಇಲ್ಲ. ಅರಳು ಮರಳು ಅರವತ್ತರ ಹಣೆಬರಹವಲ್ಲ, ಅದೊಂದು ಕಾಯಿಲೆ.

ಇತ್ತ ಮೊಮ್ಮಗಳು ಒಂದು ಕೆಲಸ ಮಾಡಿದ್ದಳು. ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ದಿನಾಂಕ ಹಾಕಿ ಅಜ್ಜಿಯ ವಿಷಯ ಬರೆಯತೊಡಗಿದ್ದಳು. 'ಒಲೆ ಆರಿಸಲು ಮರೆತಳು.' 'ರಸಪುರಿಯನ್ನು ಮೂಸಿ ಹೆಸರು ಹೇಳಲಿಲ್ಲ.' 'ಅತ್ತೆಯ ಮದುವೆಯ ದಿನ ಬಡಿಸಿದ್ದನ್ನೆಲ್ಲ ಸಾಲಾಗಿ ಹೇಳಿದಳು, ಬೆಳಿಗ್ಗೆ ತಿಂದದ್ದು ನೆನಪಿಲ್ಲ.' ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗುವಾಗ ಅವಳೂ ಹಟ ಹಿಡಿದು ಹೊರಟಳು. ನೋಟ್‌ಬುಕ್ ಅವಳ ಚೀಲದಲ್ಲಿತ್ತು.

ಅಲ್ಲಿ ಅಜ್ಜಿಗೆ ಬೇರೆಯೇ ಪ್ರಶ್ನೆಪತ್ರಿಕೆ. ಮೊದಲು ಯಾವ ಭಾಷೆಯಲ್ಲಿ ಮಾತಾಡೋಣ ಎಂದು ಕೇಳಿದರು. ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಹೊರಗೆ ಕನ್ನಡ, ಎರಡೂ ನಾಲಿಗೆಯ ಮೇಲಿರುತ್ತವೆ. ಅಜ್ಜಿ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಉತ್ತರಿಸಿದಳು. ಈಚೆಗೆ ಯಾವ ಹಬ್ಬ ಆಯಿತು, ಈಗ ಯಾವ ಸುಗ್ಗಿ, ತೋಟಕ್ಕೆ ಹೋಗಲು ಎಲ್ಲೆಲ್ಲಿ ತಿರುಗಬೇಕು ಎಂದೆಲ್ಲ ವಿಚಾರಿಸಿದರು. ಮೂರು ವಸ್ತುಗಳ ಹೆಸರು ಹೇಳಿ, ಬೇರೆ ಮಾತಾಡಿ, ಐದು ನಿಮಿಷದ ನಂತರ ಮತ್ತೆ ಕೇಳಿದರು. ಅಜ್ಜಿಗೆ ಒಂದೂ ನೆನಪಿರಲಿಲ್ಲ. ಹೆಸರು ಕೇಳಿದ್ದೇ ನೆನಪಿರಲಿಲ್ಲ.

ಆಮೇಲೆ ವೈದ್ಯರು ಮನೆಯವರ ಕಡೆ ತಿರುಗಿದರು. "ಮೊದಲು ಮಾಡುತ್ತಿದ್ದು, ಈಗ ಮಾಡಲಾಗದ ಕೆಲಸ ಯಾವುದು?" ಎಂದು ಕೇಳಿದರು. ಇದೇ ಇಡೀ ಪರೀಕ್ಷೆಯ ತಿರುಳು. ಗೊತ್ತೇ ಇಲ್ಲದಿರುವುದು ಬೇರೆ, ಗೊತ್ತಿದ್ದದ್ದು ಕೈಬಿಟ್ಟು ಹೋಗುವುದು ಬೇರೆ. ಆ ವ್ಯತ್ಯಾಸ ಹೇಳಬಲ್ಲವರು ಜೊತೆಗಿದ್ದವರು ಮಾತ್ರ. ಅಪ್ಪ ತಡವರಿಸಿದ. ಸೊಸೆ ಒಂದೆರಡು ಹೇಳಿದಳು. ಹುಡುಗಿ ನೋಟ್‌ಬುಕ್ ಮುಂದಿಟ್ಟಳು. ವೈದ್ಯರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಹಣ್ಣಿನ ವಾಸನೆಯ ವಿಷಯಕ್ಕೆ ಗೆರೆ ಹಾಕಿದರು. ವಾಸನೆ ಗುರುತಿಸುವ ಶಕ್ತಿ ಕುಂದುವುದು ಈ ಕಾಯಿಲೆಯಲ್ಲಿ ಅನೇಕರಿಗೆ ಮೊದಮೊದಲೇ ಕಾಣುವ ಲಕ್ಷಣ.

ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ಕಡಿಮೆ ಇದ್ದದ್ದು ಗೊತ್ತಾಯಿತು. ಎರಡು ಕಿವಿಯೂ ಮಂದವಾಗಿದ್ದವು. ಒಂದು ಕಣ್ಣಿನಲ್ಲಿ ಪೊರೆ ಬಂದಿತ್ತು. ಇವು ಮೂರೂ ಸರಿಪಡಿಸಬಹುದಾದ ತೊಂದರೆಗಳು. ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರಬಹುದು, ಅದಕ್ಕೇ ಇವನ್ನೆಲ್ಲ ನೋಡದೆ ಡಿಮೆನ್ಷಿಯಾ ಎಂದು ಚೀಟಿ ಅಂಟಿಸಬಾರದು. ಚಿಕಿತ್ಸೆಯ ನಂತರ ಅಜ್ಜಿ ಚುರುಕಾದಳು. ಕರೆದರೆ ತಿರುಗಿ ನೋಡುತ್ತಿದ್ದಳು. ಆದರೆ ಮರೆವು ಪೂರ್ತಿ ಹೋಗಲಿಲ್ಲ. ಕಾಯಿಲೆ ಇದೆ, ಆದರೆ ಆರಂಭದ ಹಂತದಲ್ಲಿದೆ ಎಂದರು ವೈದ್ಯರು. ಮೂವತ್ತಕ್ಕೆ ಹನ್ನೆರಡು ಎಂದ ಹಾಳೆ ಹೇಳಿದ್ದಕ್ಕಿಂತ ಅಜ್ಜಿ ಎಷ್ಟೋ ಮುಂದಿದ್ದಳು.

ಮೊಮ್ಮಗಳಿಗೆ ಅವರು ಇನ್ನೊಂದು ವಿಷಯ ತಿಳಿಸಿದರು. ಮಿದುಳಿನ ಎರಡು ಪಕ್ಕೆಗಳಲ್ಲಿ, ಕಿವಿಯ ನೇರಕ್ಕೆ ಒಳಗೆ, ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಹೊಸ ಸಂಗತಿಯನ್ನು ನೆನಪಾಗಿ ಕೂಡಿಡಲು ಅದು ಬೇಕು. ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಹಾಕುವುದು ಅಲ್ಲಿಗೆ. ಹಳೆಯ ನೆನಪುಗಳು ಮಿದುಳಿನ ಹೊರಪದರದಲ್ಲಿ ಹರಡಿಕೊಂಡಿರುವುದರಿಂದ ಬಹಳ ಕಾಲ ಉಳಿಯುತ್ತವೆ. ಮಂಡಿಯ ಹಳೆಯ ಖಾತೆಪುಸ್ತಕಗಳೆಲ್ಲ ಬೀರುವಿನಲ್ಲಿ ಭದ್ರವಾಗಿದ್ದು, ಇವತ್ತಿನ ಲೆಕ್ಕ ಬರೆಯುವ ಗುಮಾಸ್ತ ಮಾತ್ರ ರಜೆ ಹಾಕಿದಂತೆ. ಊಟ ಆಯಿತೇ ಎಂದು ಮೂರು ಸಲ ಕೇಳುವುದು ಹಟವೂ ಅಲ್ಲ, ನಾಟಕವೂ ಅಲ್ಲ. ಅಜ್ಜಿಯ ಮಟ್ಟಿಗೆ ಪ್ರತಿ ಸಲವೂ ಅದು ಮೊದಲ ಸಲ. ಇದು ತಿಳಿದ ದಿನದಿಂದ ಆ ಮನೆಯಲ್ಲಿ ಗದರುವುದು ಕಡಿಮೆಯಾಯಿತು.

ಗದರುವುದು ಕಡಿಮೆಯಾದರೂ ಕಾಯುವುದು ತಪ್ಪಲಿಲ್ಲ. ಒಲೆ, ಬಾವಿ, ರಸ್ತೆ. ಅಜ್ಜಿಯ ಮೇಲೆ ಒಂದು ಕಣ್ಣು ಇರಲೇಬೇಕು. ಅಪ್ಪ ಮಂಡಿಗೆ, ಅಮ್ಮ ರೇಷ್ಮೆ ಹುಳುವಿನ ಮನೆಗೆ. ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂತು. ಹುಡುಗಿ ಒಳ್ಳೆಯ ಅಂಕ ತೆಗೆದಿದ್ದಳು. ಊರಿಗೆ ಬಂದಿದ್ದ ಅತ್ತೆ ಸಲಹೆ ಕೊಟ್ಟಳು: "ಪಿ.ಯು.ಸಿ. ಓದಿ ಏನಾಗಬೇಕೋ ಅಣ್ಣಾ? ಇನ್ನು ಎರಡು ವರ್ಷ ಅಮ್ಮನ್ನ ನೋಡಿಕೊಂಡು ಮನೇಲಿರಲಿ. ಆಮೇಲೆ ಒಂದು ಮದುವೆ ಮಾಡಿದರಾಯ್ತು."

ಅಪ್ಪನಿಗೂ ಅದು ಸುಲಭದ ದಾರಿ ಎನ್ನಿಸಿತು. ಕಾಲೇಜಿನ ಅರ್ಜಿ ತುಂಬುವ ಕೊನೆಯ ದಿನ ಹತ್ತಿರ ಬಂದರೂ ಅವನು ಆ ಮಾತು ಎತ್ತಲಿಲ್ಲ. ಮಗಳೂ ಕೇಳಲಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು ಅವರೆಕಾಳು ಬಿಡಿಸುತ್ತಿದ್ದಳು. ಅಜ್ಜಿಯ ಮೇಲೆ ಅವಳಿಗೆ ಪ್ರೀತಿಯಿತ್ತು. ಆ ಪ್ರೀತಿಯೇ ಬಾಯಿ ಕಟ್ಟಿತ್ತು.

ಆ ದಿನಗಳಲ್ಲೇ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಈ ತಾಲ್ಲೂಕಿನಲ್ಲಿ ಒಂದು ದೀರ್ಘಕಾಲದ ಅಧ್ಯಯನ ಆರಂಭಿಸಿತು. ನಲವತ್ತೈದು ವರ್ಷ ದಾಟಿದ, ಡಿಮೆನ್ಷಿಯಾ ಇಲ್ಲದ 10,000 ಹಳ್ಳಿಗರನ್ನು ಸೇರಿಸಿಕೊಂಡು ವರ್ಷ ವರ್ಷವೂ ಪರೀಕ್ಷಿಸುತ್ತ ಹೋಗುವುದು ಅದರ ಉದ್ದೇಶ. ರಕ್ತ, ಜೀನ್, ಮಿದುಳಿನ ಎಂ.ಆರ್.ಐ. ಚಿತ್ರ, ನೆನಪು ಮತ್ತು ಗಮನದ ಪರೀಕ್ಷೆಗಳು, ಆಹಾರ, ರಕ್ತದೊತ್ತಡ ಎಲ್ಲವೂ ಅದರಲ್ಲಿ ಸೇರಿವೆ. ಚೆನ್ನಾಗಿರುವವರನ್ನು ಯಾಕೆ ಪರೀಕ್ಷೆ ಮಾಡಬೇಕು? ಮರೆವು ಹೊರಗೆ ಕಾಣುವ ಹತ್ತಿಪ್ಪತ್ತು ವರ್ಷ ಮೊದಲೇ ಮಿದುಳಿನೊಳಗೆ ಬದಲಾವಣೆ ಶುರುವಾಗಿರಬಹುದು. ಕೆಟ್ಟ ಹಣ್ಣನ್ನು ಕೊಯ್ದು ನೋಡಿದರೆ ಕೆಟ್ಟದ್ದು ಮಾತ್ರ ತಿಳಿಯುತ್ತದೆ. ಯಾವಾಗ, ಯಾಕೆ ಕೆಡಲು ಆರಂಭಿಸಿತು ಎಂದು ತಿಳಿಯಬೇಕಾದರೆ ಮರದಲ್ಲಿರುವಾಗಿನಿಂದಲೇ ನೋಡುತ್ತಿರಬೇಕು.

ಅಪ್ಪನಿಗೆ ನಲವತ್ತೊಂಬತ್ತು. ಮೊದಲು ಹಿಂಜರಿದ. ರಕ್ತ ಕೊಟ್ಟು ತನಗೇನು ಲಾಭ ಎಂಬುದು ಒಂದು, ಅಮ್ಮನ ಕಾಯಿಲೆ ತನಗೂ ಇದ್ದರೆ ಎಂಬ ಭಯ ಇನ್ನೊಂದು. ಬರುವುದು ಬಿಡುವುದು ನಿಮ್ಮಿಷ್ಟ, ಬಲವಂತವಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಿದ ಮೇಲೆ, ಎರಡು ದಿನ ಯೋಚಿಸಿ ಒಪ್ಪಿಕೊಂಡ. ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಊರಿನ ಇನ್ನೂ ಕೆಲವರೊಡನೆ ಹೋದ.

ಅಲ್ಲಿ ಕೇಳಿದ ಮೊದಮೊದಲ ಪ್ರಶ್ನೆಗಳಲ್ಲಿ ಒಂದು, "ಎಷ್ಟು ವರ್ಷ ಶಾಲೆಗೆ ಹೋಗಿದ್ದೀರಿ?"

"ಹತ್ತನೇ ಕ್ಲಾಸು. ಮಿದುಳು ನೋಡೋದಕ್ಕೆ ಅದು ಯಾಕೆ ಮೇಡಂ?"

ಬರೆದುಕೊಳ್ಳುತ್ತಿದ್ದ ಯುವತಿ ಬಿಡಿಸಿ ಹೇಳಿದಳು. ಚಿಕ್ಕ ವಯಸ್ಸಿನಲ್ಲಿ ಓದು ಸಿಗದಿದ್ದವರಿಗೆ ಮುಪ್ಪಿನಲ್ಲಿ ಡಿಮೆನ್ಷಿಯಾ ಬರುವ ಸಂಭವ ಹೆಚ್ಚು ಎಂದು ಅನೇಕ ದೇಶಗಳಲ್ಲಿ ಕಂಡಿದೆ. ಓದು, ಹೊಸ ಕೆಲಸ ಕಲಿಯುವುದು, ಲೆಕ್ಕ, ಚರ್ಚೆ ಇವೆಲ್ಲ ನರಕೋಶಗಳ ನಡುವಿನ ಸಂಪರ್ಕಗಳನ್ನು ದಟ್ಟವಾಗಿಸುತ್ತವೆ. ಒಂದು ದಾರಿ ಮುಚ್ಚಿದರೆ ಮಿದುಳು ಇನ್ನೊಂದು ದಾರಿ ಹಿಡಿಯುತ್ತದೆ. ಮನೆಯಲ್ಲಿ ನಾಲ್ಕು ಕಾಸು ಉಳಿತಾಯ ಇದ್ದವನು ಒಂದು ವರ್ಷದ ಬರ ತಡೆದುಕೊಳ್ಳುವ ಹಾಗೆ. ಇದನ್ನು ಮಿದುಳಿನ ಮೀಸಲು ನಿಧಿ ಎನ್ನಬಹುದು.

ಓದು ಒಂದೇ ಅಲ್ಲ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಅವರು ಎಡಿನ್‌ಬರೊ ವಿಶ್ವವಿದ್ಯಾಲಯದ ಥಾಮಸ್ ಬಾಕ್ ಮತ್ತು ಇತರರೊಡನೆ 648 ಡಿಮೆನ್ಷಿಯಾ ರೋಗಿಗಳ ವಿವರ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಎರಡು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ ಒಂದೇ ಭಾಷೆ ಆಡುವವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆ ಕಾಣದವರಲ್ಲೂ ಈ ವ್ಯತ್ಯಾಸವಿತ್ತು. ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲವಾದರೂ, ಈ ಪ್ರಶ್ನೆ ಕೇಳಲು ಬೀದಿಗೆರಡು ಭಾಷೆಯಿರುವ ದೇಶವೇ ಬೇಕಾಗಿತ್ತು. ಡಾ. ಅಲ್ಲಾಡಿ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಮಲಯಾಳಂ ಭಾಷೆಗಳಿಗೆ ಹೊಂದುವ ಮಿದುಳಿನ ಪರೀಕ್ಷೆಗಳ ಗುಚ್ಛವೊಂದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ಹಲವು ಊರುಗಳ ತಜ್ಞರು ಸೇರಿ ರೂಪಿಸಿದ್ದಾರೆ.

ಸಂಜೆ ವ್ಯಾನಿನಲ್ಲಿ ವಾಪಸು ಬರುವಾಗ ಅಪ್ಪ ಹೆಚ್ಚು ಮಾತಾಡಲಿಲ್ಲ. ಅಮ್ಮ ಒಂದು ದಿನವೂ ಶಾಲೆಗೆ ಹೋಗಲಿಲ್ಲ, ಏಕೆಂದರೆ ಆಗ ಮನೆಯಲ್ಲಿ ಕೂಸು ನೋಡಿಕೊಳ್ಳಲು ಹುಡುಗಿ ಬೇಕಾಗಿತ್ತು. ಈಗ ಮುದುಕಿ ನೋಡಿಕೊಳ್ಳಲು ಹುಡುಗಿ ಬೇಕಾಗಿದೆ. ಅಮ್ಮನ ಕಾಯಿಲೆಗೆಂದು ಮಗಳ ಓದು ಬಿಡಿಸಿದರೆ, ಐವತ್ತು ವರ್ಷದ ಆಚೆಗೆ ಮಗಳಿಗೂ ಅದೇ ಕಾಯಿಲೆಯ ದಾರಿ ತೆರೆದಂತಾಗುವುದಿಲ್ಲವೇ? ಮಂಡಿಯ ಲೆಕ್ಕ ಬರೆಯುವವನಿಗೆ ಈ ಕೂಡು ಕಳೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಮನೆಗೆ ಬಂದವನು ಕಾಲು ತೊಳೆಯುವ ಮೊದಲೇ, "ನಾಳೆ ಬೆಳಿಗ್ಗೆ ಕಾಲೇಜಿಗೆ ಹೋಗಿ ಅರ್ಜಿ ತರೋಣ, ಮಾರ್ಕ್ಸ್ ಕಾರ್ಡು ತೆಗೆದಿಡು" ಎಂದ.

ಹೇಳುವುದು ಸುಲಭ, ನಡೆಸುವುದು ಕಷ್ಟ. ಬೆಳಗಿನ ಹೊತ್ತು ಸೊಸೆ, ಮಧ್ಯಾಹ್ನ ಪಕ್ಕದ ಮನೆಯ ಚಿಕ್ಕಮ್ಮ, ನಾಲ್ಕರ ನಂತರ ಮೊಮ್ಮಗಳು ಎಂದು ಪಾಳಿ ಹಾಕಿಕೊಂಡರು. ಸಲಹೆ ಕೊಟ್ಟ ಅತ್ತೆಯೂ ವರ್ಷಕ್ಕೆ ಎರಡು ತಿಂಗಳು ಅಮ್ಮನನ್ನು ಕರೆದುಕೊಂಡು ಹೋಗಲು ಒಪ್ಪಿದಳು. ಸುಗ್ಗಿಯಲ್ಲಿ ಅಪ್ಪ ಕೆಲವು ದಿನದ ಕೂಲಿ ಬಿಟ್ಟ. ಅಜ್ಜಿಯ ಸೊಂಟದ ಚೀಲದಲ್ಲಿ ಊರು, ಹೆಸರು, ಫೋನ್ ನಂಬರು ಬರೆದ ಚೀಟಿ ಇಟ್ಟರು. ಸ್ನಾನ, ಊಟ, ನಿದ್ದೆಗೆ ದಿನವೂ ಒಂದೇ ವೇಳೆ. ತಪ್ಪು ಹೇಳಿದರೆ ವಾದವಿಲ್ಲ. ಬಚ್ಚಲಿನ ಬಾಗಿಲಿಗೆ ಮಾತ್ರ ಕೆಂಪು ಬಣ್ಣ, ಗುರುತು ಸಿಗಲೆಂದು. ಇವು ಯಾವುದಕ್ಕೂ ಹೆಚ್ಚು ಹಣ ಬೇಕಾಗಲಿಲ್ಲ.

ಸರ್ಕಾರದ ಕಡೆಯಿಂದಲೂ ಒಂದು ಹೆಜ್ಜೆ ಇಟ್ಟಿದ್ದಾರೆ. 2022ರಲ್ಲಿ ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮೊದಲಿಗೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಇಂಥ ಕಾಯಿಲೆ ಗುರುತಿಸಲು ತರಬೇತಿ ಕೊಡುವುದು ಅದರ ಒಂದು ಗುರಿ.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ನಾವೇ ತಿದ್ದಿಕೊಳ್ಳಬಹುದಾದ 14 ಅಂಶಗಳ ಪಟ್ಟಿ ಕೊಟ್ಟಿತು. ಅವೆಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಪಟ್ಟಿಯಲ್ಲಿ ಬಾಲ್ಯಕ್ಕೆ ಸೇರಿದ ಒಂದೇ ಅಂಶವೆಂದರೆ ಓದಿನ ಕೊರತೆ. ನಡುವಯಸ್ಸಿನ ಪಾಲಿಗೆ ಕಿವುಡು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟೆರಾಲ್, ಬೊಜ್ಜು, ಮೈಗಳ್ಳತನ, ಬೀಡಿ ಸಿಗರೇಟು, ಮಿತಿಮೀರಿದ ಮದ್ಯ, ಖಿನ್ನತೆ, ತಲೆಗೆ ಬೀಳುವ ಪೆಟ್ಟು. ಮುಪ್ಪಿಗೆ ಒಂಟಿತನ, ಹೊಗೆ ಧೂಳಿನ ಗಾಳಿ, ಮಂದವಾದ ಕಣ್ಣು. ಹೆಲ್ಮೆಟ್ ಹಾಕಿಕೊಳ್ಳುವ ಹುಡುಗ, ಬಿ.ಪಿ. ಮಾತ್ರೆ ತಪ್ಪಿಸದ ತಂದೆ, ಅಜ್ಜನ ಕಣ್ಣಿನ ಪೊರೆ ತೆಗೆಸುವ ತಾಯಿ, ಇವರೆಲ್ಲ ತಮಗೆ ತಿಳಿಯದೆಯೇ ಮಿದುಳನ್ನು ಕಾಯುತ್ತಿದ್ದಾರೆ.

ಹುಡುಗಿ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡಳು. ಅಜ್ಜಿಯ ಮರೆವು ನಿಧಾನವಾಗಿ ಮುಂದುವರಿಯಿತು, ಅದನ್ನು ನಿಲ್ಲಿಸಲು ಯಾರಿಗೂ ಆಗಲಿಲ್ಲ. ಆಸ್ಪತ್ರೆಯ ವೈದ್ಯರು ಮೊದಲ ದಿನವೇ ನೋಟ್‌ಬುಕ್ ಹಿಂದಿರುಗಿಸುವಾಗ ಒಂದು ಮಾತು ಹೇಳಿದ್ದರು: "ಕಳೆದುಹೋದದ್ದನ್ನು ಮಾತ್ರ ಬರೆಯಬೇಡಮ್ಮ, ಉಳಿದಿರುವುದನ್ನೂ ಬರೆ." ಅಂದಿನಿಂದ ಅವಳು ಪುಟದ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿದ್ದಳು. ಎಡಗಡೆಯ ಪಟ್ಟಿ ಉದ್ದವಾಗುತ್ತ ಹೋಯಿತು. ಬಲಗಡೆಯದೂ ಖಾಲಿ ಇರಲಿಲ್ಲ. 'ರಾಗಿ ಬೀಸುವ ಪದ ಪೂರ್ತಿ ಹೇಳಿದಳು.' 'ಕಾಳು ಬಿಡಿಸುವುದರಲ್ಲಿ ನನಗಿಂತ ಬೇಗ.' 'ತೆಲುಗಿನಲ್ಲಿ ಬೈದಳು, ಒಂದು ಮಾತೂ ತಪ್ಪಲಿಲ್ಲ.'

ಮರುವರ್ಷದ ಸುಗ್ಗಿಯಲ್ಲಿ ಅವಳು ಅಜ್ಜಿಯ ಕೈಗೆ ಒಂದು ಹಣ್ಣು ಕೊಟ್ಟು ಮೂಸಲು ಹೇಳಿದಳು. ಅಜ್ಜಿ ಮೂಸಿದಳು. ಹೆಸರು ಬರಲಿಲ್ಲ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇನ್ನೂ ಎರಡು ದಿನ ಇರಲಿ" ಎಂದು ಹುಲ್ಲಿನ ಮೇಲಿಟ್ಟಳು. ಎರಡು ದಿನದ ಮೇಲೆ ಕೊಯ್ದರೆ ಹಣ್ಣು ಸರಿಯಾಗಿ ಪಕ್ವವಾಗಿತ್ತು. ಹುಡುಗಿ ಅದನ್ನೂ ಬಲಗಡೆಯ ಕಾಲಂನಲ್ಲಿ ಬರೆದುಕೊಂಡಳು.